ಸೊಸೆ ತುಂಬಿಸಿದ ಪೀಪಾಯಿ

ಸೊಲಾಂಜ್ ಹುಟ್ಟಿದ್ದು ಬರ್ಗಂಡಿಯಲ್ಲಿ, ಪೀಪಾಯಿ ಮಾಡುವವನ ಮನೆಯಲ್ಲಿ. ಅಲ್ಲಿ ಪೀಪಾಯಿಯ ವೈನ್ ಒಂದು ಬೆರಳು ಇಳಿದರೂ ತಕ್ಷಣ ತುಂಬಿಸುತ್ತಾರೆ. ತುಂಬಿಸದಿದ್ದರೆ ಸೋಮಾರಿ ಎನ್ನುತ್ತಾರೆ. ಅವಳು ಮದುವೆಯಾಗಿ ಬಂದದ್ದು ಶಾತೊ ಶಲೋನ್‌ಗೆ, ಬಂಡೆಯ ನೆತ್ತಿಯ ಮೇಲೆ ಕೂತ ಊರಿಗೆ. ಇಲ್ಲಿ ತುಂಬಿಸಿದರೆ ಕೆಟ್ಟಿತು.

ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಗಂಡ ಫೆರೆಯೋಲ್ ಹೇಳಬಹುದಿತ್ತು. ಹೊಸ ಹೆಂಡತಿಯ ಹತ್ತಿರ ಪೀಪಾಯಿಯ ಮಾತಾಡುವಷ್ಟು ಪೆದ್ದ ಅವನಲ್ಲ.

ಮದುವೆಯಾಗಿ ತಿಂಗಳಾಗಿರಲಿಲ್ಲ. ಗಂಡಸರು ದ್ರಾಕ್ಷಿ ತೋಟಕ್ಕೆ ಹೋಗಿದ್ದರು. ಸೊಲಾಂಜ್ ನೆಲಮಾಳಿಗೆ ಗುಡಿಸಲು ಇಳಿದಳು. ಬಾಗಿಲ ಪಕ್ಕದ ಪೀಪಾಯಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಮೇಲ್ಗಡೆ ಟೊಳ್ಳು ಸದ್ದು. ಅಯ್ಯೋ, ಎಷ್ಟು ದಿನದಿಂದ ಯಾರೂ ನೋಡಿಲ್ಲವೋ ಎಂದುಕೊಂಡಳು. ಹೊಸ ವೈನ್ ತಂದು, ಬಿರಡೆ ಕಿತ್ತು, ಕಂಠಮಟ್ಟ ಸುರಿದಳು. ಚೆಲ್ಲಿದ್ದನ್ನು ಒರೆಸಿ, ಮಾವ ಬಂದರೆ ಮೆಚ್ಚುತ್ತಾರೆ ಎಂದು ಕಾದಳು.

ಮಾವ ದೆಸಿರೆ ಬಂದ. ಪೀಪಾಯಿ ತಟ್ಟಿದ. ಟೊಳ್ಳು ಸದ್ದಿಲ್ಲ.

“ಯಾರು ಇದನ್ನ ಮುಟ್ಟಿದ್ದು?”

“ನಾನೇ ಮಾವ. ಇಳಿದಿತ್ತು, ತುಂಬಿಸ್ದೆ.”

“ತುಂಬಿಸ್ದೆಯಾ? ನಿನ್ನ ಮದುವೆ ಮುಸುಕು ತೆಗೆದು ಇನ್ನೂ ತಿಂಗಳಾಗಿಲ್ಲ, ನನ್ನ ಪೀಪಾಯಿ ಮುಸುಕು ಹರಿದು ಹಾಕಿದ್ಯಲ್ಲೇ!”

ವೈನ್ ಮೇಲೆ ತಾನಾಗಿ ಕಟ್ಟುವ ಕೆನೆಯಂಥ ಪೊರೆಗೆ ಇಲ್ಲಿ ಮುಸುಕು ಎನ್ನುತ್ತಾರೆ. ಅದರಡಿಯಲ್ಲಿ ವೈನ್ ಆರು ವರ್ಷ ದಾಟಿ ಮಲಗಬೇಕು. ಇಳಿದರೆ ಇಳಿಯಲಿ, ತುಂಬಿಸಬಾರದು. ಹಾಗೆ ಮಲಗಿ ಎದ್ದದ್ದೇ ಹಳದಿ ವೈನ್. ಊರಿನ ಹೆಸರು ಹಾಕಿ ಮಾರುವುದು ಅದನ್ನು ಮಾತ್ರ. ಈ ಪೀಪಾಯಿಗೆ ಇನ್ನು ಹೆಸರಿಲ್ಲ.

ದೆಸಿರೆ ಮತ್ತೆ ಕೂಗಾಡಲಿಲ್ಲ. ಸೊಸೆ ನೆಲಮಾಳಿಗೆಗೆ ಇಳಿಯಕೂಡದು ಎಂದ, ಅಷ್ಟೇ. ಪೀಪಾಯಿಗಳ ನಡುವೆ ಬೆಳೆದವಳಿಗೆ ಅದಕ್ಕಿಂತ ದೊಡ್ಡ ಏಟು ಬೇಕಿರಲಿಲ್ಲ. ಸೂಪು ಬೇಯಿಸಿದಳು, ಬಟ್ಟೆ ಒಗೆದಳು, ಆ ಮನೆಗೆ ನೆಂಟಳಾಗಿಯೇ ಉಳಿದಳು. ಪಕ್ಕದ ಮನೆಯ ಮುದುಕಿ ಆದ್ರಿಯೆನ್ ಬೀದಿಯಲ್ಲಿ ಕಂಡಾಗಲೆಲ್ಲ ಕೂಗುವಳು:

“ಏನೇ ಬರ್ಗಂಡಿ, ನಮ್ಮನೆ ಬಾವೀನೂ ಇಳಿದಿದೆ. ಬಂದು ತುಂಬಿಸ್ತೀಯಾ?”

ಫೆರೆಯೋಲ್ ಹೊಟ್ಟೆ ಹಿಡಿದು ನಗುತ್ತಿದ್ದ.

“ನಗಬೇಡ ನೀನು.”

“ನಗದೆ ಏನ್ ಮಾಡ್ಲಿ? ಅಪ್ಪನ ಬಾಯಿ ಮುಚ್ಚಿಸಿದ ಮೊದಲನೇ ಹೆಂಗಸು ಕಣೇ ನೀನು.”

ಆ ನಗು ಈಗಿಲ್ಲ. ಅವನು ತೀರಿಹೋದ. ಇರಲಿ, ಇದು ಅವನು ನಗುತ್ತಿದ್ದ ಕಾಲದ ಮಾತು.

ಮರುವರ್ಷ ಮಗಳು ಹುಟ್ಟಿದಳು. ಜ್ಞಾನಸ್ನಾನದ ಊಟಕ್ಕೆ ಬೀದಿಗೆ ಬೀದಿಯೇ ಬಂತು. ಕೋಳಿ, ಅಣಬೆ, ಚೀಸ್, ಅಕ್ರೋಟು, ಎಲ್ಲ ಇತ್ತು. ದೆಸಿರೆ ಹಳದಿ ವೈನ್ ತೆಗೆಯಲಿಲ್ಲ.

“ಅವಳು ಕೆಡಿಸಿದ್ದನ್ನೇ ಬಡಿಸಿ. ಊರೂ ನೋಡ್ಲಿ,” ಎಂದ.

ಸೊಲಾಂಜ್ ಮಗುವನ್ನೆತ್ತಿಕೊಂಡು ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ಇವತ್ತು ಊರು ಮೂಗು ಮುರಿದರೆ ತಾನು ಸಾಯುವತನಕ ಬರ್ಗಂಡಿಯವಳೇ, ಈ ಮನೆಯವಳಲ್ಲ. ಹೊರಗೆ ಲೋಟಗಳ ಸದ್ದಾಯಿತು. ಕೊನೆಗೆ ಆದ್ರಿಯೆನ್ ಮುದುಕಿಯ ದನಿ.

“ದೆಸಿರೆ, ಇದು ನಮ್ಮ ವೈನ್ ಅಲ್ಲ.”

“ಅದನ್ನೇ ನಾನೂ ಬಡ್ಕೊಳ್ತಿರೋದು.”

“ಸರಿ ಬಿಡು. ಇನ್ನೊಂದ್ ಲೋಟ ಹಾಕು.”

ಬೀದಿ ಹೋ ಎಂದು ನಕ್ಕಿತು. “ನಂಗೂ ಹಾಕು ಮಾರಾಯ!” “ನಿನ್ನದು ಕುಡಿದ್ರೆ ಬಾಯಿ ಒಣಗತ್ತೆ ದೆಸಿರೆ, ಇದು ಹಣ್ಣು ಕಚ್ಚಿದ ಹಾಗಿದೆ!” ಹೂಜಿ ಕೈಯಿಂದ ಕೈಗೆ ಓಡಿತು. ಎಲ್ಲರಿಗಿಂತ ಕೊನೆಗೆ ದೆಸಿರೆ ಒಂದು ಗುಟುಕು ಬಾಯಲ್ಲಿಟ್ಟುಕೊಂಡ. ನುಂಗಿದ. ಲೋಟ ಬರಿದಾದ ಮೇಲೆ ಎದ್ದು ಅಡುಗೆಮನೆಗೆ ಬಂದ.

“ಮಗೂನ ಇಲ್ಲಿ ಕೊಡು.”

ಕೊಟ್ಟಳು. ಅವನು ಖಾಲಿ ಹೂಜಿಯನ್ನು ಅವಳ ಕೈಗಿಟ್ಟ.

“ಹೋಗು. ಕೆಳಗಿಳಿದು ತುಂಬಿಸ್ಕೊಂಡು ಬಾ.”

ಅವಳು ಮೆಟ್ಟಿಲಿಳಿದಳೋ ಹಾರಿದಳೋ, ಅವಳಿಗೇ ನೆನಪಿಲ್ಲ. ಆಮೇಲೆ ಊರಲ್ಲಿ ಯಾವ ಮನೆಯ ಮದುವೆಯಾದರೂ ಜನ ‘ಸೊಸೆ ವೈನ್’ ಕೇಳತೊಡಗಿದರು. ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ದೆಸಿರೆ ಸೊಸೆಯನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿಯುವನು. ಪೀಪಾಯಿಗಳ ಮುಂದೆ ನಿಂತು ಗಡ್ಡ ಕೆರೆದುಕೊಳ್ಳುವನು.

“ಈ ಸಲ ಯಾವುದನ್ನ ಕೆಡಿಸ್ತೀಯಮ್ಮಾ?”

“ಇರೋದ್ರಲ್ಲಿ ಒಳ್ಳೇದನ್ನೇ, ಮಾವ.”