ಟಪಾಲಿನ ದೇರಪ್ಪ ನೀರು ಕುಡಿದದ್ದು

ಭಾಗಮಂಡಲದಿಂದ ಕರಿಕೆಗೆ ಇಳಿಯುವ ಕಾಡುದಾರಿಯಲ್ಲಿ ಹದಿನೆಂಟು ವರ್ಷ ಬ್ರಿಟಿಷ್ ಸರ್ಕಾರದ ಟಪಾಲು ಹೊತ್ತು ಓಡಿದ ದೇರಪ್ಪನಿಗೆ ಆನೆಗಳೂ ದಾರಿ ಬಿಟ್ಟಿದ್ದವು. ಎದೆಯ ಮೇಲೆ ಹಿತ್ತಾಳೆ ಬಿಲ್ಲೆ, ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ. ಆ ಗೆಜ್ಜೆ ಕೇಳಿಯೇ ಹೊತ್ತು ತಿಳಿದು ಹೆಂಗಸರು ಒಲೆಯ ಮೇಲಿನ ಅನ್ನ ಇಳಿಸುತ್ತಿದ್ದರು. ವೀರನ ಗುಟ್ಟು ಒಂದೇ: ದಾರಿಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಯಾರ ಮನೆ ಹೊಕ್ಕರೂ ಕೂರಿಸಿ ಬೆಲ್ಲ-ನೀರು ಕೊಡದೆ ಬಿಡುವವರಿಲ್ಲ. ಕೂತರೆ ವೀಳ್ಯ, ವೀಳ್ಯ ಹಾಕಿದರೆ ಮಾತು. ದಾರಿ ಬದಿಯ ತೋಡಿನಲ್ಲಿ ಹರಿಯುವ ನೀರು ಕುಡಿದರೋ, ಅದನ್ನು ಪೊದೆಯ ಮರೆಯಲ್ಲಿ ಇಳಿಸಲು ಚಕ್ರವರ್ತಿಗಳ ಟಪಾಲನ್ನು ನೆಲಕ್ಕಿಡಬೇಕು. ಛೆ!

ಒಂದು ಬೇಸಿಗೆಯಲ್ಲಿ ನೋವು ದಂಡೆತ್ತಿ ಬಂತು. ಬಲ ಸೊಂಟದ ಹಿಂದೆ ಹುಟ್ಟಿ, ಪಕ್ಕೆ ಬಳಸಿ, ಕಿಬ್ಬೊಟ್ಟೆಗೆ ಲಗ್ಗೆ ಹಾಕಿತು. ವೀರ ದಾರಿಯಲ್ಲೇ ಉರುಳಿ ಹುಳದಂತೆ ಸುರುಟಿಕೊಂಡ. ಎರಡು ಸಲ ಟಪಾಲು ತಡವಾಯಿತು. ಕರಿಕೆಯ ಪೋಸ್ಟ್ ಮಾಸ್ಟರು ಗಡಿಯಾರ ನೋಡಿ, "ಮೂರನೇ ಸಲ ತಡವಾದರೆ ಬಿಲ್ಲೆ ಬಿಚ್ಚಿಡು" ಎಂದರು.

ದಾರಿಯಂಚಿನ ಮನೆಯ ಮುದುಕಿ ಗಂಗಮ್ಮ ಅವನನ್ನು ಅಂಗಾತ ಮಲಗಿಸಿದಳು. "ಹೊಕ್ಕುಳ ಜಾರಿ ಉಂಟು ಮಾರಾಯ" ಎಂದು ಎಣ್ಣೆ ಹಾಕಿ ತಿಕ್ಕಿದ ರಭಸಕ್ಕೆ ಅವನಿಗೆ ಹಗಲಲ್ಲೇ ನಕ್ಷತ್ರಗಳು ಕಂಡವು.

ಪಕ್ಕದ ಮನೆಯ ಬೇಟೆಗಾರ ಬೋಜಪ್ಪ ನಕ್ಕ. "ಎಂತ ಹೊಕ್ಕುಳ! ಇದು ವಾಯು. ಮೊನ್ನೆ ಹಂದಿಯ ಪಾಲು ಬೇಡ ಅಂದೆಯಲ್ಲ, ಹೊಟ್ಟೆ ಒಣಗಿದೆ."

ಮನೆಯಲ್ಲಿ ಹೆಂಡತಿ ನೀಲಾವತಿ ಕಾದಿದ್ದಳು. "ಗುಳಿಗನ ಕಲ್ಲಿನ ಮುಂದೆ ಗೆಜ್ಜೆ ಕುಣಿಸಿಕೊಂಡು ಓಡ್ತೀರಿ. ಕೋಳಿ ಕೊಡದೆ ದೈವ ಸುಮ್ಮನಿರ್ತದಾ?"

"ಗುಳಿಗನಿಗೆ ಕೋಳಿ, ವಾಯುವಿಗೆ ಹಂದಿ, ಹೊಕ್ಕುಳಕ್ಕೆ ಒಂದು ಸೇರು ಎಣ್ಣೆ! ನನ್ನ ಹೊಟ್ಟೆಯೊಂದನ್ನು ಬಿಟ್ಟು ಊರಿನ ಹೊಟ್ಟೆಗೆಲ್ಲ ಮದ್ದಾಯ್ತು!" ಎಂದು ದೇರಪ್ಪ ಕಿರುಚಿ, ಕಿರುಚಿದ್ದಕ್ಕೆ ಇನ್ನಷ್ಟು ನೊಂದ.

ಕೊನೆಗೆ ಭಾಗಮಂಡಲದ ಆಸ್ಪತ್ರೆಯ ಕಾಂಪೌಂಡರು ಯಾರೂ ಕೇಳದ್ದನ್ನು ಕೇಳಿದರು. "ದಿನಕ್ಕೆ ಎಷ್ಟು ನೀರು ಕುಡೀತಿ?"

"ಬೆಳಿಗ್ಗೆ ಕಾಫಿ, ರಾತ್ರಿ ಒಂದು ಚೆಂಬು ನೀರು. ನಡುವೆ ಒಂದು ಹನಿ ಇಲ್ಲ!" ದೇರಪ್ಪ ಎದೆಯುಬ್ಬಿಸಿದ.

"ಹಾಗಾದರೆ ಮೂತ್ರದಲ್ಲಿ ಕಲ್ಲು. ಎಂಟು ಚೆಂಬು ಕುಡಿ. ಉಚ್ಚೆ ಕಟ್ಟಿಕೊಂಡು ಓಡಬೇಡ. ಜ್ವರ ಬಂದರೆ ಮಾತ್ರ ತಡ ಮಾಡದೆ ಬಾ."

ಕುಡಿಯದಿದ್ದರೆ ಪ್ರಾಣ, ಕುಡಿಯಲು ಕೂತರೆ ಬಿಲ್ಲೆ! ಅವನ ಗೋಳು ಕೇಳಲಾರದೆ ಗಂಗಮ್ಮ, "ಗೆಜ್ಜೆ ಕೇಳಿದ ಕೂಡಲೇ ಚೆಂಬು ಹಿಡಿದು ದಾರಿಗೇ ಬರ್ತೇನೆ. ನಿಂತೇ ಕುಡಿ. ಕೂರಿಸದೆ ನೀರು ಕೊಟ್ಟ ಪಾಪ ನನಗಿರಲಿ" ಎಂದಳು. ಗಂಗಮ್ಮ ಬಂದ ಮೇಲೆ ಬೋಜಪ್ಪ ಬಾರದಿರುತ್ತಾನೆಯೇ? ದಾರಿಯುದ್ದಕ್ಕೂ ಚೆಂಬುಗಳ ಕಾವಲು ನಿಂತಿತು. ಮೂರನೇ ಸಲ ತಡವಾಗಲೇ ಇಲ್ಲ.

ಹತ್ತನೇ ದಿನ ಪೊದೆಯ ಮರೆಯಲ್ಲಿ, ಚಕ್ರವರ್ತಿಗಳ ಟಪಾಲು ನೆಲದ ಮೇಲಿರುವಾಗ, ಒಂದು ಅರಚಾಟದೊಂದಿಗೆ ಕಲ್ಲು ಹೊರಬಿತ್ತು. ದೇರಪ್ಪ ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು ಮರುದಿನ ಎಲ್ಲರ ಬಾಯಿ ಮುಚ್ಚಿಸಲು ತಂದ.

ಗಂಗಮ್ಮ ಇಣುಕಿ ನೋಡಿದಳು. "ನಾನು ಹೇಳಲಿಲ್ವಾ? ಎಣ್ಣೆ ತಿಕ್ಕಿದ್ದಕ್ಕೇ ಇಳಿದದ್ದು."

"ವಾಯು ಗಟ್ಟಿಯಾದರೆ ಹೀಗೇ ಇರ್ತದೆ" ಎಂದ ಬೋಜಪ್ಪ.

ದೇರಪ್ಪನ ಬಳಿ ಹದಿನೆಂಟು ವರ್ಷ ಕೂಡಿಟ್ಟ ಉತ್ತರವಿತ್ತು. ಆದರೆ ಗಂಗಮ್ಮ ಚೆಂಬು ಎತ್ತಿ ಸುರಿಯುತ್ತಲೇ ಇದ್ದಳು. ಬಾಯಿ ತುಂಬ ನೀರು. ಕಣ್ಣು ಕೆಂಪು ಮಾಡಿಕೊಂಡು ಅವನು ಕುಡಿಯುತ್ತಲೇ ಹೋದ.