ಬೀಗಿತ್ತಿಯ ಹೂಂ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಬೀಗಿತ್ತಿ ಎಂದೇ ಕರೆಯುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ. ಕಂಪ್ಯೂಟರ್ ನಡೆಸುವ ಆಪರೇಟಿಂಗ್ ಸಿಸ್ಟಂಗಳು ಹತ್ತಾರು, ಒಂದು ಏರಿಗೆಳೆದರೆ ಇನ್ನೊಂದು ನೀರಿಗೆಳೆಯುತ್ತದೆ. ಒಂದೇ ಕೋಡ್ ಅವೆಲ್ಲದರ ಮೇಲೂ ಓಡಬೇಕೆಂದರೆ ತಳದಲ್ಲಿ ಕೂತು ಬೀಗಿತ್ತಿಯಂತೆ ಎರಡೂ ಕಡೆಯವರನ್ನು ಸಂಭಾಳಿಸುವವರು ಬೇಕು. ಅಂಥ ಕೋಡಿನ ಪದರವೊಂದನ್ನು ಬರೆದವಳು ಇವಳು. ಗಡಿಯಾರ ನೋಡುವುದು, ಫೈಲ್ ತೆರೆಯುವುದು, ಬೇಕಾದಾಗ ಎಚ್ಚರಿಸುವುದು, ಹೀಗೆ ಯಾರ ಕಣ್ಣಿಗೂ ಬೀಳದ ಚಾಕರಿ ಅದರದು. ಬೇಕಾದವರು ತೆಗೆದುಕೊಳ್ಳಲಿ ಎಂದು ಅದನ್ನು ಬಿಟ್ಟಿಯಾಗಿ ಹಂಚಿದ್ದಳು. ಹಂಚಿದ ಜಂಬವೂ ಸ್ವಲ್ಪ ಇತ್ತೆನ್ನಿ.

ಅಕ್ಕನ ಹ್ಯಾಚರಿಗೆ ಮೊಟ್ಟೆ ಮರಿಮಾಡುವ ಹೊಸ ಯಂತ್ರಗಳು ಬಂದಾಗ, ಅವುಗಳ ಪರದೆಯ ಮೇಲೆ ತನ್ನ ಪದರದ ಹೆಸರು ಕಂಡು ಹಿಗ್ಗಿ ಹೀರೇಕಾಯಿಯಾಗಿದ್ದಳು.

"ಭಾವ, ಇನ್ಮೇಲೆ ಹಗಲೂ ರಾತ್ರಿ ಕಾಯ್ಕೊಂಡು ಕೂರಬೇಡಿ. ಶಾಖ ಏರಿದ್ರೆ ಅದೇ ಕೂಗುತ್ತೆ" ಎಂದಿದ್ದಳು.

ಅದು ಕೂಗಲಿಲ್ಲ.

ಫೋನಿನಲ್ಲಿ ಅಕ್ಕನ ಅಳು ಕೇಳಿ ಓಡಿಬಂದವಳು ಹ್ಯಾಚರಿಯ ಬಾಗಿಲಲ್ಲೇ ನಿಂತುಬಿಟ್ಟಳು. ತಟ್ಟೆ ತಟ್ಟೆಗಳಲ್ಲಿ ಮೊಟ್ಟೆ. ಕೆಲವು ಆಗಲೇ ಬಿರಿದಿದ್ದವು, ಬಿರುಕಿನಲ್ಲಿ ಪುಟ್ಟ ಕೊಕ್ಕುಗಳು ಕಾಣುತ್ತಿದ್ದವು. ಒಂದೂ ಅಲುಗಲಿಲ್ಲ. ಫ್ಯಾನ್ ಕೆಟ್ಟು ಒಳಗೆಲ್ಲ ಬೆಂದುಹೋಗಿತ್ತು.

"ಈ ಕುಂಭಕರ್ಣನ್ನ ನಂಬಿ ಕೆಟ್ಟೆ!" ಅಕ್ಕ ಗಂಡನ ಮೇಲೆ ಹರಿಹಾಯುತ್ತಿದ್ದಳು. "ಅಲಾರಂ ಹೊಡೆದ್ರೂ ಏಳಲಿಲ್ವಲ್ಲ, ಇನ್ನು ನೀವು ಈ ಕಡೆ ಕಾಲಿಡಬೇಡಿ."

"ಹೊಡೀಲಿಲ್ಲ ಕಣೇ" ಎಂದರು ಭಾವ. ಹೇಳುವಾಗ ಅವರಿಗೇ ತಮ್ಮ ಮಾತಿನ ಮೇಲೆ ಭರವಸೆ ಇದ್ದಂತಿರಲಿಲ್ಲ.

ಬೀಗಿತ್ತಿ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಯಾವ ಸಿಸ್ಟಂ ಮೇಲೆ ಅದು ಓಡುತ್ತಿದೆ ಎಂದು ಈ ಸಲ ಓದಿದಳು. ಮೊದಲ ಸಲ ತನ್ನ ಪದರದ ಹೆಸರು ಓದಿದ ಖುಷಿಯಲ್ಲಿ ಅದನ್ನು ನೋಡಿರಲೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ತನ್ನ ಕೋಡ್ ತೆರೆದು ಆ ಸಿಸ್ಟಂನ ಭಾಗಕ್ಕೆ ಬಂದಳು.

ಆ ಸಿಸ್ಟಂ ಅವಳ ಕೈಯಲ್ಲಿರದ ಕಾಲದಲ್ಲಿ, ಓಡಿಸಿ ನೋಡದೆಯೇ ಬರೆದ ಭಾಗ ಅದು. ಹೊಸ ಸಿಸ್ಟಂಗೆ ಕೋಡ್ ಒಯ್ಯುವವರೆಲ್ಲ ಮಾಡುವಂತೆ, ಮೊದಲು ಓಡಲಿ, ಆಮೇಲೆ ತುಂಬೋಣ ಎಂದು ಕೆಲವು ಕೆಲಸಗಳನ್ನು ಖಾಲಿ ಬಿಟ್ಟಿದ್ದಳು. 'ಶಾಖ ಏರಿದರೆ ಎಚ್ಚರಿಸುತ್ತೀಯಾ?' ಎಂದು ಯಂತ್ರ ಕೇಳಿದರೆ ಅವಳ ಪದರ 'ಹೂಂ' ಎನ್ನುತ್ತಿತ್ತು. ಅಷ್ಟೇ. ಮುಂದೆ ಏನೂ ಇರಲಿಲ್ಲ. ಆಗುವುದಿಲ್ಲ ಎಂದು ಬರೆದಿದ್ದರೂ ಸಾಕಿತ್ತು, ಯಂತ್ರ ಮಾಡಿದವರು ಅಲ್ಲೇ ಎಚ್ಚೆತ್ತುಕೊಳ್ಳುತ್ತಿದ್ದರು.

ಸುಮ್ಮನಿದ್ದರೆ ತಪ್ಪು ಭಾವನದಾಗಿಯೇ ಉಳಿಯುತ್ತಿತ್ತು. ಅವಳು ಲ್ಯಾಪ್‌ಟಾಪನ್ನು ಅಕ್ಕನ ಕಡೆ ತಿರುಗಿಸಿದಳು.

"ಅಕ್ಕಾ, ಭಾವನ್ನ ಬೈಬೇಡ. ಅದು ಕೂಗೋ ಹಾಗೇ ಇರಲಿಲ್ಲ. ನಾನೇ ಬರೀದೆ ಬಿಟ್ಟಿದ್ದೆ."

ಭಾವ ನಿಧಾನವಾಗಿ ತಲೆಯೆತ್ತಿದರು.

"ನಾನು ಮಲಗಿದ್ದು ನಿಜ ಕಣಮ್ಮಾ" ಎಂದರು. "ನೀನು ಹೇಳಿದ್ಯಲ್ಲ, ಅದೇ ಕೂಗುತ್ತೆ ಅಂತ. ಅದಕ್ಕೇ ಮಲಗಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

"ಇನ್ನೂ ಯಾರ್ಯಾರಿಗೆ ಕೊಟ್ಟಿದ್ದೀಯೇ ಇದನ್ನ?" ಅಕ್ಕನ ದನಿ ಇಳಿದುಹೋಗಿತ್ತು.

"ಗೊತ್ತಿಲ್ಲ ಅಕ್ಕಾ. ಬೇಕಾದೋರು ತಗೊಳ್ಳಲಿ ಅಂತ ಇಟ್ಟಿದ್ದೆ. ತಗೊಂಡೋರು ಹೇಳಿ ತಗೊಳಲ್ಲ."

ಪಕ್ಕದ ಕೋಣೆಯಲ್ಲಿ ಎರಡನೆಯ ಯಂತ್ರ ಗುಂಯ್‌ಗುಡುತ್ತಿತ್ತು. ಅದರ ಹಸಿರು ದೀಪ ಉರಿಯುತ್ತಿತ್ತು.

"ಅದರಲ್ಲೂ ಇದೇನಾ?" ಭಾವ ಕೇಳಿದರು.

"ಹೂಂ."

ಭಾವ ಕುರ್ಚಿ ಎತ್ತಿಕೊಂಡು ಹೋಗಿ ಆ ಯಂತ್ರದ ಮುಂದೆ ಕೂತರು. ಬೀಗಿತ್ತಿ ಇದ್ದಲ್ಲೇ ನೆಲದ ಮೇಲೆ ಕೂತಳು. ಎಲ್ಲೆಲ್ಲಿ, ಯಾವ ಯಂತ್ರದ ಪಕ್ಕದಲ್ಲಿ, ಅವಳ ಹೂಂ ನಂಬಿಕೊಂಡು ಯಾರು ಮಲಗಿದ್ದಾರೋ, ಅವರನ್ನು ಎಬ್ಬಿಸುವ ದಾರಿ ಅವಳಿಗೆ ತಿಳಿದಿರಲಿಲ್ಲ.