ಅವ್ವನ ಬಾತಿನ ಒಂಬತ್ತು ಮೊಟ್ಟೆ

ಎದುರು ಮನೆ ಅಕ್ಕನ ಎರಡೂ ಮುಂಗೈ ಮೇಲೆ ಕೋಳಿ ಕುಕ್ಕಿದ ಕಲೆಗಳಿದ್ದವು. ಕೆಲವು ಹಳೆಯವು, ಬಿಳಿಚಿದ್ದವು. ಕೆಲವು ಇನ್ನೂ ಕೆಂಪಗೆ ಹಸಿಯಾಗಿದ್ದವು. ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಕೈ ತೂರಿಸಿ ಮೊಟ್ಟೆ ತೆಗೆದು, ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿ ಹಿಡಿಯುತ್ತಿದ್ದರು. ಮೊಟ್ಟೆಯ ಬಿಸಿ ರೆಪ್ಪೆಗೆ ತಿಳಿದಷ್ಟು ಬೆರಳಿಗೆ ತಿಳಿಯುವುದಿಲ್ಲವಂತೆ. ಕೋಳಿ ಬಿಡದೆ ಕುಕ್ಕುತ್ತಿತ್ತು. "ಕುಕ್ಕೇ, ಕುಕ್ಕು. ನಿನ್ನ ಮನೆಗೆ ನುಗ್ಗಿದ್ದು ನಾನೇ ತಾನೇ," ಎನ್ನುತ್ತಿದ್ದರು.

ನಾನು ಮದುವೆಯಾಗಿ ಶಿವಮೊಗ್ಗದಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಲೈನು ಮನೆಗೆ ಬಂದಾಗ ಹದಿನೇಳು ವರ್ಷ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನನ್ನ ಗಂಡ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತೆ. ಎದುರು ಮನೆಯವರು ಇದ್ದಿಲು ರಾಶಿಯ ಮೇಸ್ತ್ರಿ, ಒಕ್ಕಲು ಜನ. ಆ ಮೇಸ್ತ್ರಿಯ ಹೆಂಡತಿಯೇ ನಾನು ಹೇಳುತ್ತಿರುವ ಅಕ್ಕ. ನಮ್ಮದು ಲಿಂಗ ಕಟ್ಟಿದ ಮನೆತನ. ನಮ್ಮತ್ತೆಗೆ ಮೊಟ್ಟೆ ಎಂಬ ಮಾತೇ ಮೈಲಿಗೆ. ಎದುರು ಮನೆ ಜಗಲಿಯಲ್ಲಿ ಕೂರುವುದಕ್ಕೆ ಅಡ್ಡಿಯಿರಲಿಲ್ಲ, ಅಲ್ಲಿ ಏನನ್ನೂ ಮುಟ್ಟುವಂತಿರಲಿಲ್ಲ. ಹೊಸ ಊರು, ಮಾತಾಡಲು ಜನವಿಲ್ಲ, ನಾನು ದಿನಾ ಹೋಗಿ ಕೂರುತ್ತಿದ್ದೆ.

ಕೋಳಿ ಸಾಕುವುದೆಂದರೆ ಸುಖವೆಂದು ಯಾರು ಹೇಳಿದರೋ! ಹತ್ತು ಮರಿ ಬಂದರೆ ಎರಡನ್ನು ಹದ್ದು ಎತ್ತಿಕೊಂಡು ಹೋಗುತ್ತಿತ್ತು, ಒಂದನ್ನು ಬೆಕ್ಕು. ಬೇನೆ ಬಂತೆಂದರೆ ಉಳಿದವೂ ಕೂತಲ್ಲೇ ತೂಕಡಿಸಿ ಸಾಯುತ್ತಿದ್ದವು. ಅಕ್ಕ ಸತ್ತ ಮರಿಗಳನ್ನು ಮೊರದಲ್ಲಿ ತುಂಬಿಕೊಂಡು ಹೋಗಿ ಹೂತು ಬಂದು, ಕೈ ತೊಳೆದು, ಮತ್ತೊಂದು ಕೋಳಿಗೆ ಹುಲ್ಲು ಹಾಸುತ್ತಿದ್ದರು. ಮೊಟ್ಟೆ ಯಾವಾಗಲೂ ಬೆಸಸಂಖ್ಯೆಯಲ್ಲೇ ಇಡಬೇಕು. ಗುಡುಗಿಗೆ ಕೆಡಬಾರದೆಂದು ಹುಲ್ಲಿನಡಿ ಒಂದು ಕಬ್ಬಿಣದ ತುಂಡು. ನಮ್ಮೂರಲ್ಲಿ ಅದಕ್ಕೇನು ಬರವೇ? "ಬಂದಷ್ಟು ನಮ್ದು, ಹೋದಷ್ಟು ಹದ್ದಿಂದು," ಎನ್ನುವುದು ಅವರ ಮಾತು. ನಗುತ್ತ ಹೇಳುತ್ತಿರಲಿಲ್ಲ, ಸೊಂಟ ಹಿಡಿದುಕೊಂಡು ಹೇಳುತ್ತಿದ್ದರು.

ಆ ವರ್ಷ ಹೊಳಲೂರಿನಲ್ಲಿ ಅವರ ತಾಯಿ ತೀರಿಕೊಂಡರು. ಆ ತಾಯಿ ಬಾತುಕೋಳಿ ಸಾಕುತ್ತಿದ್ದವರು. ಅಕ್ಕ ಹುಟ್ಟುವುದಕ್ಕೆ ಮುಂಚಿನಿಂದ ಅದೇ ತಳಿ. ತಿಥಿ ಮುಗಿಯುವ ಹೊತ್ತಿಗೆ ತಮ್ಮಂದಿರ ಹೆಂಡತಿಯರು ಗಲೀಜೆಂದು ಅಷ್ಟೂ ಬಾತುಗಳನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ಕೊಟ್ಟಿಗೆಯ ಮೂಲೆಯಲ್ಲಿ ಒಂಬತ್ತು ಮೊಟ್ಟೆ ಮಾತ್ರ ಉಳಿದಿದ್ದವು. ಅಕ್ಕ ಅವನ್ನು ಭತ್ತದ ಹೊಟ್ಟಿನಲ್ಲಿ ಹುದುಗಿಸಿ, ಶಿವಮೊಗ್ಗದವರೆಗೆ ಗಾಡಿಯಲ್ಲಿ, ಅಲ್ಲಿಂದ ರೈಲಿನಲ್ಲಿ, ಮಡಿಲಲ್ಲಿಟ್ಟುಕೊಂಡು ತಂದರು. "ಅವ್ವಂದು ಅಂತ ನಂಗೆ ಉಳಿದಿರೋದು ಇಷ್ಟೇ ಕಣೇ," ಎಂದು ಬುಟ್ಟಿ ತೋರಿಸಿದರು.

ಕರಿ ಕೋಳಿಯ ಅಡಿಯಲ್ಲಿ ಬಾತಿನ ಮೊಟ್ಟೆ ಇಟ್ಟರು. ಅದೇ ದಿನ ಪಕ್ಕದ ಬುಟ್ಟಿಯಲ್ಲಿ ಕೆಂದ ಕೋಳಿಗೆ ಅದರದೇ ಮೊಟ್ಟೆ. ಐದು ದಿನ ಆಗಿತ್ತೋ ಏನೋ, ಶಿವಮೊಗ್ಗದಲ್ಲಿದ್ದ ಮಗಳಿಗೆ ದಿನ ತುಂಬುವ ಮೊದಲೇ ನೋವು ಬಂತೆಂದು ಸುದ್ದಿ ಬಂತು. ಅಕ್ಕ ಸೆರಗು ಸುತ್ತಿಕೊಂಡು ಹೊರಟೇಬಿಟ್ಟರು. ಬಾಗಿಲಲ್ಲಿ ನನ್ನ ಕೈ ಹಿಡಿದು, "ಕಾಳು, ನೀರು ಇಡು. ದಿನಕ್ಕೊಂದು ಗೀಟು ಎಳಿ. ಇಪ್ಪತ್ತೊಂದಕ್ಕೆ ಮರಿ ಬರುತ್ತೆ ಮಾರಾಯ್ತಿ, ನೋಡ್ಕೋ," ಎಂದರು.

ಇಪ್ಪತ್ತೊಂದನೆಯ ದಿನ ಕೆಂದ ಕೋಳಿಯ ಮರಿ ಬಂದವು. ಕರಿ ಕೋಳಿ ಸುಮ್ಮನೆ ಕೂತಿತ್ತು. ಇಪ್ಪತ್ತೆರಡಾಯಿತು, ಇಪ್ಪತ್ತಮೂರಾಯಿತು. ಕೋಳಿ ಬಡಕಲಾಗಿ ಜುಟ್ಟು ಬೆಳ್ಳಗಾಗುತ್ತಿತ್ತು. "ಎದುರು ಮನೆಯಿಂದ ಏನೋ ಕೊಳೆತ ವಾಸನೆ ಬರ್ತಿದೆಯಲ್ಲೇ," ಎಂದರು ನಮ್ಮತ್ತೆ. ಕೆಟ್ಟುಹೋಗಿವೆ, ಪಾಪದ ಕೋಳಿ ಸುಮ್ಮನೆ ಸಾಯುತ್ತಿದೆ ಎಂದುಕೊಂಡೆ. ಬಾತಿನ ಮೊಟ್ಟೆಗೆ ನಾಲ್ಕು ವಾರ ಬೇಕೆಂದು ಆ ಕೇರಿಯ ಎಳೆ ಮಗುವಿಗೂ ಗೊತ್ತಿತ್ತು. ನಮ್ಮಂಥ ಮನೆಯಲ್ಲಿ ಹುಟ್ಟಿದ ನನಗೆ ಯಾರು ಹೇಳಬೇಕಿತ್ತು? ಕೇಳುವುದಕ್ಕಾದರೂ ನನಗೆ ಬಾಯಿರಲಿಲ್ಲವೇ? ಕೇಳಿದರೆ, ನಾನು ಮುಟ್ಟಿದ್ದು ಅತ್ತೆಗೆ ತಿಳಿದೀತೆಂಬ ಹೆದರಿಕೆಯೇ ನನಗೆ ದೊಡ್ಡದಾಗಿತ್ತು.

ಇಪ್ಪತ್ತನಾಲ್ಕನೆಯ ದಿನ ಮಧ್ಯಾಹ್ನ ಆ ಒಂಬತ್ತು ಮೊಟ್ಟೆಯನ್ನೂ ಹಿತ್ತಲಿನ ತಿಪ್ಪೆಗೆ ಒಯ್ದೆ. ಅಸಹ್ಯಕ್ಕೆ ಕಣ್ಣು ಮುಚ್ಚಿಕೊಂಡೇ ಒಂದೊಂದಾಗಿ ಎಸೆದೆ. ಆರು ಎಸೆದ ಮೇಲೆ ಕಣ್ಣು ಬಿಟ್ಟೆ. ಒಡೆದ ಚಿಪ್ಪಿನಲ್ಲಿ ಒದ್ದೆ ಪುಕ್ಕದ ಮುದ್ದೆಯೊಂದು, ಬೆರಳು ಬೆರಳಿಗೂ ಚರ್ಮ ಕೂಡಿಕೊಂಡ ಪುಟ್ಟ ಕಾಲು. ಆ ಕಾಲು ಆಡುತ್ತಿತ್ತು.

ಶಿವನೇ! ಉಳಿದ ಮೂರನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಿ ಬಂದು ಕೋಳಿಯಡಿ ಇಟ್ಟೆ. ಅದು ನನ್ನನ್ನು ಕುಕ್ಕಲಿಲ್ಲ.

ಅಕ್ಕ ಅದೇ ಸಂಜೆ ಬಂದರು. ಮಗಳೂ ಮೊಮ್ಮಗುವೂ ಉಳಿದಿದ್ದರು. ಅಕ್ಕನ ಕಣ್ಣು ಗುಳಿಬಿದ್ದಿದ್ದವು. ಅಳುತ್ತಲೇ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಹೊಸ್ತಿಲ ಮೇಲೆ ಕೂತು, "ಎಷ್ಟು ಆಡ್ತಿದ್ವು?" ಎಂದು ಕೇಳಿದರು.

"ಒಂದನ್ನೇ ನೋಡಿದ್ದು ಅಕ್ಕ. ಮಿಕ್ಕಿದ್ದು ನೋಡೋಕೆ ಆಗಲಿಲ್ಲ."

"ಹೂಂ," ಎಂದು ಎದ್ದು, ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ಮೂರನ್ನೂ ತೇಲಿಬಿಟ್ಟರು. ಜೀವವಿರುವ ಮೊಟ್ಟೆ ನೀರಿನಲ್ಲಿ ತಾನಾಗಿ ಅಲುಗುತ್ತದೆ. ಎರಡು ಸುಮ್ಮನಿದ್ದವು, ಒಂದು ಅಲುಗಿತು. ಅಷ್ಟರಲ್ಲಿ ನಮ್ಮತ್ತೆ ಬೀದಿಯಿಂದಲೇ, "ಏನಮ್ಮಾ, ಇವಳು ಯಾಕೆ ಅಳ್ತಿದ್ದಾಳೆ?" ಎಂದು ಕೂಗಿದರು. ಅಕ್ಕ ತಿರುಗಿ ನೋಡದೆ, "ಮುಂಗುಸಿ ನುಗ್ಗಿತ್ತಂತೆ ಅಮ್ಮಾ, ಹುಡುಗಿ ಹೆದರ್ಕೊಂಡಿದೆ," ಎಂದರು. ಆ ಸುಳ್ಳನ್ನು ಕೊನೆಯವರೆಗೂ ಬದಲಾಯಿಸಲಿಲ್ಲ.

ಉಳಿದ ಆ ಒಂದು ಮರಿಯಾಯಿತು. ತಿಂಗಳುಗಳು ಕಳೆದು ಬಾಲದ ಗರಿ ಸುರುಳಿಯಾದಾಗ ತಿಳಿಯಿತು, ಗಂಡು. "ಇದೇನು ಮೊಟ್ಟೆ ಇಡುತ್ತಾ? ಮುಗೀತು ಬಿಡು," ಎಂದರು ಅಕ್ಕ. ನಾನು ಮಲವಗೊಪ್ಪದವರೊಬ್ಬರಿಗೆ ಹೇಳಿ ಬೇರೆ ಬಾತಿನ ಮೊಟ್ಟೆ ತರಿಸಿದೆ. ಅವರು ಒಂದನ್ನು ಎತ್ತಿ ನೋಡಿ ಬುಟ್ಟಿಯಲ್ಲಿಟ್ಟು, "ಯಾರ ಬಾತೋ ಏನೋ. ನಂಗೂ ಸಾಕಾಗಿದೆ ಮಾರಾಯ್ತಿ," ಎಂದು ವಾಪಸು ಕಳಿಸಿದರು. ಅಂದು ನನಗಾದ ನಾಚಿಕೆ ಇಷ್ಟು ವರ್ಷವಾದರೂ ಹೋಗಿಲ್ಲ.

ಯುದ್ಧದ ನಡುವಿನ ವರ್ಷಗಳಲ್ಲಿ ಚಳಿಜ್ವರ ಲೈನಿನ ಮನೆಮನೆಗೂ ನುಗ್ಗಿತು. ಅಕ್ಕ ಮಲಗಿದವರು ಏಳಲಿಲ್ಲ. ಮಗಳು ಬಂದು ತಲೆದೆಸೆಯಲ್ಲಿ ಕೂತಿದ್ದಳು. ಕೋಳಿ ಸಾಕಿ ಪಳಗಿದ ಹೆಂಗಸರು ಸುತ್ತ ನಾಲ್ಕೈದು ಜನರಿದ್ದರು. ಅಕ್ಕ ಕಣ್ಣು ಬಿಟ್ಟು ಅವರೆಲ್ಲರನ್ನೂ ದಾಟಿ, ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿದರು. "ಒಂದು ಕೋಳಿ ಕೂತಿದೆ. ಹನ್ನೊಂದು ಇಟ್ಟಿದೀನಿ. ಇವತ್ತಿಗೆ ಹದಿನಾರು ದಿನ. ನೀನೇ ನೋಡ್ಕೋ," ಎಂದರು. ಮೂರನೆಯ ದಿನ ಹೋದರು.

ಸಾವಿನ ಮನೆ, ಹೋಗಬೇಡವೆಂದರು ಅತ್ತೆ. ನಾನು ಅವರ ಕಣ್ಣೆದುರಿಗೇ ಕಾಳು ಹಿಡಿದು ಹೋದೆ. ಹನ್ನೊಂದರಲ್ಲಿ ಎಂಟು ಮರಿಯಾಗಿ ಕೋಳಿಯ ಹಿಂದೆ ಹೊರಟವು. ಮೂರು ಹಾಗೇ ಉಳಿದವು. ಅವು ಸತ್ತಿವೆಯೆಂದು ಆ ಹೊತ್ತಿಗೆ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎಸೆಯಲು ಕೈ ಬರಲಿಲ್ಲ. ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ತಂದು, ನಮ್ಮ ಬಚ್ಚಲ ಒಲೆಯ ಬದಿಯಲ್ಲಿ ಇನ್ನೂ ಒಂದು ವಾರ ಬೆಚ್ಚಗೆ ಇಟ್ಟುಕೊಂಡೆ. ಅತ್ತೆ ನೋಡಿದರು, ಹಂಡೆಗೆ ನೀರು ತುಂಬಿ ಹೋದರು.